ಮುತ್ತಿಗೆಯ ನಗರದಲ್ಲಿ ಗಂಜಿ ಕೇಂದ್ರ

ಬಳ್ಳಾರಿಯ ಕಂಟೋನ್ಮೆಂಟ್‌ನಲ್ಲಿ ಬೆಳಗಿನ ನಡಿಗೆಗೆ ಹೊರಡುವ ನಮ್ಮಂಥವರಲ್ಲಿ ಬಹುಮಂದಿಗೆ ಈ ಊರು ಒಂದು ಕಾಲದಲ್ಲಿ ತುರ್ಕಿ ಯುದ್ಧಕೈದಿಗಳನ್ನು ಇಟ್ಟಿದ್ದ ಊರೆಂಬುದು ತಿಳಿದಿರಲಾರದು. ಬ್ರಿಟಿಷರ ದಂಡು ಹೋಗಿ ಎಷ್ಟೋ ಕಾಲವಾಯಿತು. ಅದರ ಗುರುತಾಗಿ ಉಳಿದಿರುವುದು ರೈಲು ನಿಲ್ದಾಣದ ಹೆಸರಿನಲ್ಲಿರುವ ಆ ಇಂಗ್ಲಿಷ್ ಪದ, ದಂಡಿನ ಆಶ್ರಯದಲ್ಲಿ ಬೆಳೆದ ಕೌಲ್ ಬಜಾರ್, ಹೀಗೆ ಕೆಲವು. ಮೊದಲನೆಯ ಮಹಾಯುದ್ಧದಲ್ಲಿ ಸೆರೆಸಿಕ್ಕ ತುರ್ಕಿ ಸೈನಿಕರನ್ನು ಬ್ರಿಟಿಷರು ಇಂಡಿಯಾ ಮತ್ತು ಬರ್ಮಾದ ಹಲವು ಶಿಬಿರಗಳಲ್ಲಿ ಇರಿಸಿದರು. ಅವುಗಳಲ್ಲಿ ಬಳ್ಳಾರಿಯದೂ ಒಂದು. 1917ರಲ್ಲಿ, ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಅವಧಿಯಲ್ಲಿ, ಜಿನೀವಾದ ಅಂತರರಾಷ್ಟ್ರೀಯ ರೆಡ್‌ಕ್ರಾಸ್ ಸಮಿತಿಯ ಮೂವರು ಪ್ರತಿನಿಧಿಗಳು, ಥಾರ್ಮೈಯರ್, ಶೋಖ್ ಮತ್ತು ವೈದ್ಯ ಬ್ಲಾಂಶೋ, ಈ ಶಿಬಿರಗಳನ್ನು ನೋಡಲೆಂದು ಬಂದರು. ಬಳ್ಳಾರಿಗೂ ಬಂದರು, ಹೆಂಗಸರು ಮಕ್ಕಳ ಸಮೇತ ಜರ್ಮನ್ ನಾಗರಿಕ ಕುಟುಂಬಗಳನ್ನು ಕೂಡಿಟ್ಟಿದ್ದ ಬೆಳಗಾವಿಗೂ ಹೋದರು. ಅವರ ಕೈಯಲ್ಲಿದ್ದುದು ಟಿಪ್ಪಣಿ ಪುಸ್ತಕ ಮಾತ್ರ. ಕೈದಿಗಳ ಊಟ, ನೀರು, ಹಾಸಿಗೆ, ಕಾಗದಪತ್ರ, ಕಾಯಿಲೆ, ಇವುಗಳ ವಿಚಾರಣೆ ನಡೆಸಿ ವರದಿ ಬರೆದರು. ಆ ವರದಿ ಅದೇ ವರ್ಷ ಅಚ್ಚಾಗಿ ಹೊರಬಂದಿತು.

ಯೋಚಿಸಿ ನೋಡಿದರೆ ಇದು ಸಣ್ಣ ಸಂಗತಿಯಲ್ಲ. ಯುದ್ಧದ ಮಧ್ಯದಲ್ಲಿದ್ದ ಒಂದು ಸಾಮ್ರಾಜ್ಯ ತನ್ನ ಸೆರೆಶಿಬಿರದ ಬಾಗಿಲನ್ನು ಮೂವರು ಹೊರಗಿನವರಿಗೆ ತೆರೆದು, ಒಳಗಿನದನ್ನು ಶತ್ರುರಾಷ್ಟ್ರವೂ ಓದಬಹುದಾದ ಪುಸ್ತಕದಲ್ಲಿ ಬರೆಯಲು ಬಿಟ್ಟಿತು. ಧರ್ಮಬುದ್ಧಿಯೊಂದೇ ಇದಕ್ಕೆ ಕಾರಣವೆಂದು ನಾನು ನಂಬುವುದಿಲ್ಲ. ತನ್ನ ಸೈನಿಕರೂ ತುರ್ಕರ ಕೈಯಲ್ಲಿ ಸೆರೆಯಲ್ಲಿದ್ದಾರೆ ಎಂಬ ಲೆಕ್ಕಾಚಾರ ಅದರ ಹಿಂದೆ ಇದ್ದೇ ಇತ್ತು. ಆದರೆ ಆ ಲೆಕ್ಕಾಚಾರವೇ ಯುದ್ಧಕಾಲದ ಪರಿಹಾರಕಾರ್ಯದ ಅಡಿಪಾಯ. ಅನುಮತಿ ಕೊಡಬಲ್ಲ ಒಂದು ಸರ್ಕಾರವಿರಬೇಕು, ಆ ಅನುಮತಿಗೆ ಒಂದು ಬೆಲೆಯಿರಬೇಕು, ಬರುವವರು ಯಾರ ಪಕ್ಷದವರೂ ಆಗಿರಬಾರದು. 1949ರ ಜಿನೀವಾ ಒಪ್ಪಂದಗಳು ನಿಂತಿರುವುದೂ ಬಹುಮಟ್ಟಿಗೆ ಈ ಮೂರು ಕಂಬಗಳ ಮೇಲೆಯೇ.

ಕಂಬ ಮುರಿದರೆ ಏನಾಗುತ್ತದೆ? ಅನುಮತಿ ಕೊಡಬೇಕಾದವರು ಇಬ್ಬರಾಗಿ, ಆ ಇಬ್ಬರೂ ಹಸಿವನ್ನೇ ಆಯುಧ ಮಾಡಿಕೊಂಡರೆ? ಈ ಪ್ರಶ್ನೆಗೆ ಉತ್ತರ ಹುಡುಕುವವರು ನೋಡಬೇಕಾದದ್ದು ಸೂಡಾನನ್ನು. ಆ ದೇಶದ ಹೆಸರು ಕನ್ನಡ ಪತ್ರಿಕೆಗಳ ಮುಖಪುಟಕ್ಕೆ ಬಂದದ್ದು ನಮ್ಮವರ ದೆಸೆಯಿಂದ.

2023ರ ಏಪ್ರಿಲ್ 15ರಂದು ಸೂಡಾನಿನ ರಾಜಧಾನಿ ಖಾರ್ಟೂಮ್‌ನಲ್ಲಿ ಜನರಲ್ ಬುರ್ಹಾನ್ ನೇತೃತ್ವದ ಸೇನೆಗೂ, ‘ಹೆಮೆದ್ತಿ’ ಎಂದು ಹೆಸರಾದ ದಗಾಲೊ ನೇತೃತ್ವದ ಆರ್‌ಎಸ್‌ಎಫ್ ಎಂಬ ಅರೆಸೇನಾ ಪಡೆಗೂ ಕಾಳಗ ಆರಂಭವಾಯಿತು. ಮೂರು ನಾಲ್ಕು ದಿನಗಳಲ್ಲೇ ಕರ್ನಾಟಕದಲ್ಲಿ ಒಂದು ಸುದ್ದಿ ಹಬ್ಬಿತು. ನಮ್ಮ ಹಕ್ಕಿ-ಪಿಕ್ಕಿ ಸಮುದಾಯದ 31 ಮಂದಿ ಸೂಡಾನಿನಲ್ಲಿ ಸಿಲುಕಿಕೊಂಡಿದ್ದಾರೆ. ಗಿಡಮೂಲಿಕೆ ಔಷಧ, ತೈಲ ಮಾರಿಕೊಂಡು ಬದುಕಲು ಹೋದವರು ಬಾಡಿಗೆ ಕೋಣೆಗಳೊಳಗೆ ಅಡಗಿ ಕುಳಿತಿದ್ದಾರೆ. ಅನ್ನ ನೀರಿಗೆ ಗತಿಯಿಲ್ಲ. ಆಗ ವಿರೋಧಪಕ್ಷದ ನಾಯಕರಾಗಿದ್ದ ಸಿದ್ದರಾಮಯ್ಯನವರಿಗೂ ವಿದೇಶಾಂಗ ಸಚಿವ ಜೈಶಂಕರ್ ಅವರಿಗೂ ಈ ವಿಷಯದಲ್ಲಿ ಟ್ವಿಟರ್‌ನಲ್ಲಿ ವಾಗ್ವಾದವೂ ನಡೆಯಿತು. ಚುನಾವಣೆಯ ಕಾಲ, ನಡೆಯದಿದ್ದರೆ ಆಶ್ಚರ್ಯಪಡಬೇಕಿತ್ತು. ಏಪ್ರಿಲ್ 24ರಂದು ‘ಆಪರೇಷನ್ ಕಾವೇರಿ’ ಆರಂಭವಾಗಿ ಸುಮಾರು 3,860 ಭಾರತೀಯರನ್ನು ಅಲ್ಲಿಂದ ಹೊರತರಲಾಯಿತು. ಹಕ್ಕಿ-ಪಿಕ್ಕಿಗಳು ಊರು ಸೇರಿದರು. ನಾವೆಲ್ಲ ನಿಟ್ಟುಸಿರು ಬಿಟ್ಟು ಪುಟ ತಿರುವಿದೆವು.

ಅವರು ಸಿಲುಕಿದ್ದ ನಗರದ ಹೆಸರು ಎಲ್ ಫಾಶರ್. ಉತ್ತರ ದಾರ್ಫುರ್ ಪ್ರಾಂತ್ಯದ ರಾಜಧಾನಿ. ನಮ್ಮವರು ಹೊರಟುಬಂದ ಮೇಲೆ ಆ ನಗರಕ್ಕೆ ಏನಾಯಿತೆಂಬುದನ್ನು ಹೇಳುವುದೇ ಈ ಲೇಖನದ ಉದ್ದೇಶ. ಕಾರಣ, ಅಲ್ಲಿ ಉಳಿದವರು ಮಾಡಿದ ಕೆಲಸ ಬರಗಾಲದ ಜಿಲ್ಲೆಯವರಾದ ನಮಗೆ ಅಪರಿಚಿತವಾದುದಲ್ಲ.

ಸೂಡಾನಿನ ಬಡವರ ಆಹಾರ ಜೋಳ. ನಾವು ರೊಟ್ಟಿ ತಟ್ಟುತ್ತೇವೆ, ಸಂಗಟಿ ತಿರುವುತ್ತೇವೆ; ಅವರು ಹಿಟ್ಟನ್ನು ಹುಳಿ ಬರಿಸಿ ತೆಳ್ಳಗೆ ಹೊಯ್ದು ‘ಕಿಸ್ರಾ’ ಮಾಡುತ್ತಾರೆ, ಗಟ್ಟಿಯಾಗಿ ತಿರುವಿ ‘ಅಸೀದಾ’ ಮಾಡುತ್ತಾರೆ. ಜೋಳದ ಜೊತೆಗೆ ಶೇಂಗಾ, ಎಳ್ಳು. ಪೂರ್ವಭಾಗದ ಗೆದಾರಿಫ್ ಜೋಳದ ಕಣಜವೆಂದೇ ಪ್ರಸಿದ್ಧ. ಹಾಗಾಗಿ ಸೂಡಾನಿನಲ್ಲಿ ಕಾಳೇ ಇಲ್ಲದೆ ಜನ ಸತ್ತರೆಂದು ಹೇಳಿದರೆ ಅದು ಅರ್ಧ ಸತ್ಯ. 1981ರಲ್ಲಿ ಅಮರ್ತ್ಯ ಸೇನ್ ತಮ್ಮ ಗ್ರಂಥದಲ್ಲಿ ತೋರಿಸಿಕೊಟ್ಟ ಮಾತು ಇಲ್ಲಿ ಮತ್ತೊಮ್ಮೆ ನಿಜವಾಯಿತು. ಕ್ಷಾಮವೆಂದರೆ ಆಹಾರ ಇಲ್ಲದಿರುವುದಕ್ಕಿಂತ ಹೆಚ್ಚಾಗಿ, ಇರುವ ಆಹಾರ ಜನರ ಕೈಗೆ ದಕ್ಕದಿರುವುದು. ಒಂದು ವ್ಯತ್ಯಾಸ ಮಾತ್ರ ಇದೆ. ಸೇನ್ ಅವರು ಮುಖ್ಯವಾಗಿ ಮಾರುಕಟ್ಟೆ ಮತ್ತು ಕೂಲಿಯ ಏರುಪೇರಿನಿಂದ ದಕ್ಕದೆ ಹೋದುದನ್ನು ವಿವರಿಸಿದ್ದರು. ಇಲ್ಲಿ ಕಾಳಿಗೂ ಹೊಟ್ಟೆಗೂ ಮಧ್ಯೆ ಬಂದೂಕು ಹಿಡಿದವರು ನಿಂತರು.

2024ರ ಮೇ ತಿಂಗಳಲ್ಲಿ ಆರ್‌ಎಸ್‌ಎಫ್ ಎಲ್ ಫಾಶರ್‌ಗೆ ಮುತ್ತಿಗೆ ಹಾಕಿತು. ಜೂನ್ 13ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಮುತ್ತಿಗೆ ನಿಲ್ಲಿಸಬೇಕೆಂದು ನಿರ್ಣಯ ಮಾಡಿತು. ಮುತ್ತಿಗೆ ನಿಲ್ಲಲಿಲ್ಲ. ಆಗಸ್ಟ್ ವೇಳೆಗೆ ನಗರದ ಪಕ್ಕದ ಝಮ್‌ಝಮ್ ನಿರಾಶ್ರಿತರ ಶಿಬಿರದಲ್ಲಿ ಕ್ಷಾಮವಿದೆಯೆಂದು ತಜ್ಞರ ಸಮಿತಿ ದೃಢಪಡಿಸಿತು. ಸೇನೆಯ ನಡೆಯೂ ಇದಕ್ಕಿಂತ ಉತ್ತಮವಾಗಿರಲಿಲ್ಲ. ನೆರೆಯ ಚಾಡ್ ದೇಶದಿಂದ ದಾರ್ಫುರ್‌ಗೆ ಆಹಾರ ಬರಬೇಕಾದ ಅದ್ರೆ ಗಡಿದಾರಿಯನ್ನು, ಅದರ ಮೂಲಕ ಶತ್ರುವಿಗೆ ಶಸ್ತ್ರಾಸ್ತ್ರ ಬರುತ್ತದೆಂಬ ಕಾರಣ ಕೊಟ್ಟು, ಅದು 2024ರ ಫೆಬ್ರವರಿಯಿಂದ ಆಗಸ್ಟ್‌ವರೆಗೆ ಮುಚ್ಚಿಟ್ಟಿತು. ಮಳೆಗಾಲಕ್ಕೆ ಮುನ್ನ ಕಾಳು ಸಾಗಿಸಬಹುದಾಗಿದ್ದ ತಿಂಗಳುಗಳು ಅವು. ಬರ ಪರಿಹಾರದ ಕೆಲಸ ಮಾಡಿದ ಯಾರಿಗಾದರೂ ಆ ಆರು ತಿಂಗಳ ಬೆಲೆ ಅರ್ಥವಾಗುತ್ತದೆ.

2025ರ ಜೂನ್ ಆರಂಭದಲ್ಲಿ ವಿಶ್ವಸಂಸ್ಥೆಯ 15 ಲಾರಿಗಳ ಸಾಲೊಂದು ಕೆಂಪು ಸಮುದ್ರದ ಪೋರ್ಟ್ ಸೂಡಾನ್‌ನಿಂದ ಹೊರಟು, 1,800 ಕಿಲೋಮೀಟರಿಗೂ ಹೆಚ್ಚು ದೂರ ಕ್ರಮಿಸಿ, ಎಲ್ ಫಾಶರ್‌ಗೆ ಇನ್ನು ಸ್ವಲ್ಪವೇ ದೂರವಿದ್ದಾಗ ಅಲ್ ಕೋಮಾ ಎಂಬಲ್ಲಿ ದಾಳಿಗೆ ಸಿಕ್ಕಿತು. ಐವರು ಸತ್ತರು. ಲಾರಿಗಳು ಸುಟ್ಟವು. ಎರಡೂ ಪಕ್ಷದವರು ಒಬ್ಬರತ್ತ ಇನ್ನೊಬ್ಬರು ಬೆರಳು ತೋರಿಸಿದರು. ಆಗ ಒಳಗಿದ್ದವರು ಸುಮಾರು 2 ಲಕ್ಷ 60 ಸಾವಿರ ಮಂದಿ, ಅಂದರೆ ಬಳ್ಳಾರಿ ನಗರದ ಅರ್ಧಕ್ಕಿಂತ ಹೆಚ್ಚು ಜನ. ಅವರಲ್ಲಿ ಅರ್ಧದಷ್ಟು ಮಕ್ಕಳು.

ಹಾಗಾದರೆ ಅವರನ್ನು ಅಷ್ಟುಕಾಲ ಬದುಕಿಸಿದವರು ಯಾರು? ಅಲ್ಲಿಯವರೇ. ಸೂಡಾನಿನಾದ್ಯಂತ ‘ತುರ್ತು ಸ್ಪಂದನ ಕೊಠಡಿ’ಗಳೆಂಬ ಸ್ವಯಂಸೇವಕರ ಗುಂಪುಗಳು ಯುದ್ಧ ಆರಂಭವಾದ ದಿನಗಳಲ್ಲೇ ಹುಟ್ಟಿಕೊಂಡವು. ಇವುಗಳ ಬೇರು 2018-19ರಲ್ಲಿ ಸರ್ವಾಧಿಕಾರಿ ಬಶೀರ್ ವಿರುದ್ಧ ನಡೆದ ಜನಾಂದೋಲನದ ಬಡಾವಣೆ ಸಮಿತಿಗಳಲ್ಲಿದೆ. ಇನ್ನೂ ಆಳದಲ್ಲಿ ಹುಡುಕಿದರೆ ‘ನಫೀರ್’ ಎಂಬ ಹಳೆಯ ರೂಢಿಯಲ್ಲಿದೆ. ಸುಗ್ಗಿಗೋ, ಮನೆ ಕಟ್ಟುವುದಕ್ಕೋ, ನೆರೆ ಬಂದಾಗಲೋ ಊರವರೆಲ್ಲ ಕೂಲಿಯಿಲ್ಲದೆ ಒಟ್ಟಾಗಿ ಕೈಹಾಕುವ ಪದ್ಧತಿ ಅದು. ನಮ್ಮ ಹಳ್ಳಿಗಳ ‘ಮುಯ್ಯಾಳು’ ಇದರ ಹತ್ತಿರದ ಬಂಧು. ವಿದ್ಯಾರ್ಥಿಗಳು, ಶಿಕ್ಷಕರು, ನರ್ಸುಗಳು, ಅಂಗಡಿಯವರು, ಮನೆವಾರ್ತೆಯ ಹೆಂಗಸರು ಸೇರಿ ಬಡಾವಣೆಗೊಂದು ಗುಂಪು ಕಟ್ಟಿಕೊಂಡರು. ಗಾಯಾಳುಗಳನ್ನು ಸಾಗಿಸುವುದು, ನೀರಿನ ಪಂಪು ನಡೆಸುವುದು, ಸತ್ತವರನ್ನು ಹೂಳುವುದು, ಎಲ್ಲಕ್ಕಿಂತ ಮಿಗಿಲಾಗಿ ಸಾಮೂಹಿಕ ಅಡುಗೆಮನೆ ನಡೆಸುವುದು. ಈ ಅಡುಗೆಮನೆಗೆ ಅವರು ‘ತಕಿಯಾ’ ಎನ್ನುತ್ತಾರೆ. ಸೂಫಿಗಳ ಅನ್ನಛತ್ರದ ಹೆಸರು. ನಮ್ಮಲ್ಲಿ ಮಠದ ದಾಸೋಹ ಇದ್ದಂತೆ.

ಇದರ ಹಣಕಾಸಿನ ವ್ಯವಸ್ಥೆ ನನಗೆ ವಿಶೇಷ ಕುತೂಹಲ ಹುಟ್ಟಿಸಿತು. ಬ್ಯಾಂಕುಗಳು ಲೂಟಿಯಾದವು, ನೋಟು ಸಿಗುವುದು ದುರ್ಲಭವಾಯಿತು. ಉಳಿದುದು ಖಾರ್ಟೂಮ್ ಬ್ಯಾಂಕಿನ ‘ಬಂಕಕ್’ ಎಂಬ ಮೊಬೈಲ್ ವ್ಯವಸ್ಥೆ, ನಮ್ಮ ಯುಪಿಐಯ ಸೋದರಸಂಬಂಧಿ ಎನ್ನಬಹುದಾದದ್ದು. ಕೊಲ್ಲಿ ರಾಷ್ಟ್ರಗಳಲ್ಲಿ, ಯೂರೋಪಿನಲ್ಲಿ, ಅಮೆರಿಕದಲ್ಲಿ ಇರುವ ಸೂಡಾನಿಗಳು ಕಳುಹಿಸಿದ ಹಣ ಅದರ ಮೂಲಕ ಸ್ವಯಂಸೇವಕರಿಗೆ ತಲುಪುತ್ತದೆ. ದೂರವಾಣಿ ಜಾಲ ಸತ್ತಲ್ಲಿ ಉಪಗ್ರಹದ ಇಂಟರ್ನೆಟ್ ಪೆಟ್ಟಿಗೆಯೊಂದರ ಸುತ್ತ ಜನ ಸೇರುತ್ತಾರೆ. ಸ್ವಯಂಸೇವಕರು ವರ್ತಕನ ಖಾತೆಗೆ ಹಣ ಹಾಕುತ್ತಾರೆ, ಅವನು ಕಾಳು, ಎಣ್ಣೆ, ಬೇಳೆ ಕೊಡುತ್ತಾನೆ. ಅಡುಗೆಯಾಗುತ್ತದೆ. ಹಂಡೆಯ ಚಿತ್ರ, ಉಂಡವರ ಎಣಿಕೆ, ಚೀಟಿಯ ಚಿತ್ರ ವಾಟ್ಸ್‌ಆಪ್‌ನಲ್ಲಿ ಮೇಲಿನ ಸಮಿತಿಗೆ ಹೋಗುತ್ತದೆ. ಲಾರಿ ಬರುವುದಕ್ಕೆ ಎರಡು ಸೇನೆಗಳ ಅಪ್ಪಣೆ ಬೇಕಾದರೆ ಈ ವ್ಯವಸ್ಥೆಗೆ ಅದರ ಅಗತ್ಯವಿರಲಿಲ್ಲ. ನಗರದೊಳಗೆ ಎಷ್ಟು ಕಾಳು ಉಳಿದಿದೆಯೋ, ಕಳ್ಳದಾರಿಯಲ್ಲಿ ಎಷ್ಟು ಬರುತ್ತದೆಯೋ, ಅಷ್ಟರ ಮಟ್ಟಿಗೆ ಅದು ನಡೆಯಿತು.

ಆ ಮಿತಿಯನ್ನು ಮರೆಯಬಾರದು. ಹಣ ಕಾಳನ್ನು ಸೃಷ್ಟಿಸುವುದಿಲ್ಲ. ಮಾರುಕಟ್ಟೆ ಉಸಿರಾಡುತ್ತಿರುವವರೆಗೆ ನಗದು ನೆರವಿಗಿಂತ ಉತ್ತಮವಾದುದಿಲ್ಲ. ಕೊಳ್ಳುವವರಿದ್ದಾರೆಂದರೆ ವರ್ತಕ ಹೇಗಾದರೂ ತರುತ್ತಾನೆ. ಆದರೆ ದಾರಿ ಪೂರ್ತಿ ಮುಚ್ಚಿದಾಗ ಅದೇ ಹಣ ಇದ್ದಷ್ಟು ಕಾಳಿನ ಬೆಲೆಯನ್ನು ಏರಿಸುತ್ತದೆ. 2025ರ ಆಗಸ್ಟ್‌ನಲ್ಲಿ ಎಲ್ ಫಾಶರ್‌ನಲ್ಲಿ ಜೋಳ, ಗೋಧಿಯ ಬೆಲೆ ಸೂಡಾನಿನ ಉಳಿದ ಭಾಗಗಳಿಗಿಂತ ಶೇ 460ರವರೆಗೆ ಹೆಚ್ಚಾಗಿತ್ತೆಂದು ವಿಶ್ವ ಆಹಾರ ಕಾರ್ಯಕ್ರಮ ತಿಳಿಸಿತು. ಆರ್‌ಎಸ್‌ಎಫ್ ನಗರದ ಸುತ್ತ ಮಣ್ಣಿನ ದಿಬ್ಬ ಎಬ್ಬಿಸಿತು, ಕಳ್ಳದಾರಿಗಳೂ ಮುಚ್ಚಿದವು. ಅಡುಗೆಮನೆಗಳು ಒಂದೊಂದಾಗಿ ಒಲೆ ಆರಿಸತೊಡಗಿದವು. ಉಳಿದವು ‘ಅಂಬಾಜ್’ ಬೇಯಿಸಿದವು.

ಅಂಬಾಜ್ ಎಂದರೆ ಶೇಂಗಾ ಹಿಂಡಿ. ಗಾಣದಲ್ಲಿ ಎಣ್ಣೆ ತೆಗೆದ ಮೇಲೆ ಉಳಿಯುವ ಚರಟ. ಕುರುಗೋಡು, ಸಿರುಗುಪ್ಪದ ಕಡೆಯ ಯಾವ ರೈತನಿಗೂ ಇದರ ವಿವರಣೆ ಬೇಕಾಗಿಲ್ಲ. ಕರೆಯುವ ಎಮ್ಮೆಗೆ ನೆನೆಹಾಕಿ ಇಡುವ ವಸ್ತು. ಬೂಷ್ಟು ಹಿಡಿದ ಹಿಂಡಿಯನ್ನು ದನಕ್ಕೂ ಹಾಕಬಾರದೆಂದು ನಮ್ಮ ಹಿರಿಯರು ಬಲ್ಲರು. ಅದನ್ನು ನೀರಿನಲ್ಲಿ ಕುದಿಸಿ ಮಕ್ಕಳ ಬಟ್ಟಲಿಗೆ ಬಡಿಸುವ ಸ್ಥಿತಿ ಎರಡೂವರೆ ಲಕ್ಷ ಜನರ ನಗರಕ್ಕೆ ಬಂದಿತು. ಕೊನೆಗೆ ಹಿಂಡಿಯೂ ಮುಗಿಯಿತು.

‘ಗಂಜಿ ಕೇಂದ್ರ’ ಎಂಬ ಪದ ನಮ್ಮ ಕಡತಗಳಲ್ಲಿ ಇಂದಿಗೂ ಬಳಕೆಯಲ್ಲಿದೆ. ಅದು ಹುಟ್ಟಿದ್ದು ಹಿಂದಿನ ಶತಮಾನಗಳ ಬರಗಳಲ್ಲಿ. 1876-78ರ ಧಾತು-ಈಶ್ವರ ಸಂವತ್ಸರಗಳ ಮಹಾಕ್ಷಾಮದಲ್ಲಿ ಮದ್ರಾಸ್ ಪ್ರಾಂತ್ಯದ ಅತಿ ಹೆಚ್ಚು ಪೆಟ್ಟು ತಿಂದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಆಗ ವೈಸರಾಯ್ ಲಿಟ್ಟನ್ ಕಳುಹಿಸಿದ ಸರ್ ರಿಚರ್ಡ್ ಟೆಂಪಲ್ 1877ರ ಜನವರಿಯಲ್ಲಿ ಮದ್ರಾಸ್‌ಗೆ ಬಂದರು. ಪರಿಹಾರದ ಹಣ ಪೋಲಾಗುತ್ತಿದೆ, ಅರ್ಹರಲ್ಲದವರು ಉಣ್ಣುತ್ತಿದ್ದಾರೆ ಎಂಬುದು ಅವರ ತೀರ್ಮಾನ. ಕೆಲಸಕ್ಕೆ ಬಂದ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಮೇಲೊಂದು ಆಣೆಯ ಕೂಲಿ ಸಾಕೆಂದು ಗೊತ್ತುಪಡಿಸಿದರು. ಅಷ್ಟರಲ್ಲಿ ದುಡಿಯುವ ದೇಹ ಉಳಿಯುವುದಿಲ್ಲವೆಂದು ಪ್ರಾಂತ್ಯದ ನೈರ್ಮಲ್ಯ ಕಮಿಷನರ್ ಡಾ. ಕಾರ್ನಿಷ್ ಪ್ರತಿಭಟಿಸಿದರು. ಆಡಳಿತಗಾರನ ಎರಡು ಬಗೆಯ ತಪ್ಪುಗಳು ಈ ವಾದದಲ್ಲಿ ಎದುರುಬದುರು ನಿಂತಿದ್ದವು. ಹಸಿವಿಲ್ಲದವನೊಬ್ಬ ಉಂಡುಬಿಡುವುದು ಒಂದು ತಪ್ಪು. ಹಸಿದವನೊಬ್ಬ ಉಣ್ಣದೆ ಹೋಗುವುದು ಇನ್ನೊಂದು. ಮೊದಲನೆಯದು ಲೆಕ್ಕಪರಿಶೋಧನೆಯಲ್ಲಿ ಸಿಕ್ಕಿಬೀಳುತ್ತದೆ. ಎರಡನೆಯದಕ್ಕೆ ಆಕ್ಷೇಪಣೆ ಬರುವುದೇ ಇಲ್ಲ, ಯಾಕೆಂದರೆ ಸತ್ತವನು ಅರ್ಜಿ ಹಾಕುವುದಿಲ್ಲ. ಸರ್ಕಾರಿ ಸೇವೆಯಲ್ಲಿ ನಾವೆಲ್ಲ ಮೊದಲನೆಯ ತಪ್ಪಿಗೆ ಹೆದರಿಯೇ ಬದುಕುತ್ತೇವೆ.

ನಾನು ಇದಕ್ಕೆ ಹೊರತಾಗಿರಲಿಲ್ಲ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದಲ್ಲಿ ಉತ್ತರ ಕರ್ನಾಟಕಕ್ಕೆ ಬಂದ ನೆರೆಯಲ್ಲಿ ಸಿರುಗುಪ್ಪ ತಾಲ್ಲೂಕಿನ ಹಳ್ಳಿಯೊಂದಕ್ಕೆ ಗಂಜಿ ಕೇಂದ್ರ ತೆರೆಯಲು ಹೋಗಿದ್ದೆ. ರಸ್ತೆ ಕೊಚ್ಚಿಹೋಗಿ, ಟ್ರ್ಯಾಕ್ಟರ್ ಹತ್ತಿ ತಲುಪುವ ಹೊತ್ತಿಗೆ ಮೂರನೆಯ ದಿನ. ಶಾಲೆಯ ಅಂಗಳದಲ್ಲಿ ಆಗಲೇ ಒಲೆ ಉರಿಯುತ್ತಿತ್ತು. ಎತ್ತರದ ಓಣಿಯ ನಾಲ್ಕಾರು ಹೆಂಗಸರು ತಮ್ಮ ಮನೆಗಳ ಜೋಳ, ಅಕ್ಕಿ ತಂದು, ಊರ ಅಂಗಡಿಯವನಿಂದ ಸಾಲಕ್ಕೆ ಬೇಳೆ, ಎಣ್ಣೆ ಪಡೆದು ಎರಡು ದಿನಗಳಿಂದ ಅಡುಗೆ ಮಾಡಿ ಹಾಕುತ್ತಿದ್ದರು. ನಾನು ಕೇಳಿದ ಮೊದಲ ಪ್ರಶ್ನೆ ಉಂಡವರ ಪಟ್ಟಿ ಎಲ್ಲಿ ಎಂಬುದು. ಪಟ್ಟಿ ಇರಲಿಲ್ಲ. ಅಂಗಡಿಯ ಬಾಕಿ ಎರಡು ದಿನದ್ದು. ಅದನ್ನು ಕೇಂದ್ರದ ಖರ್ಚಿಗೆ ಸೇರಿಸಲು ನಿಯಮವಿಲ್ಲವೆಂದೆ. ಸೌಟು ಹಿಡಿದಿದ್ದ ಹಿರಿಯ ಹೆಂಗಸು ನನ್ನನ್ನೇ ನೋಡಿ, “ಸಾಹೇಬ್ರ, ನೀವು ಪಟ್ಟಿ ತರೋತನಕ ಈ ಹುಡುಗ್ರು ಹೊಟ್ಟಿ ಕಟ್ಕೊಂಡು ಕುಂದ್ರಬೇಕಿತ್ತೇನು?” ಎಂದಳು. ಬೈಗುಳದ ದನಿಯಲ್ಲ, ತಿಳಿದುಕೊಳ್ಳಲು ಕೇಳಿದಂತಿತ್ತು. ಆ ಬಾಕಿ ಕೊನೆಗೂ ಸರ್ಕಾರದಿಂದ ಸಂದಾಯವಾಗಲಿಲ್ಲ. ಪ್ರಸ್ತಾವನೆ ಬರೆದು ಮೇಲಕ್ಕೆ ಕಳುಹಿಸುವುದು ನನ್ನ ಕೈಯಲ್ಲಿತ್ತು. ಬರೆಯಲಿಲ್ಲ. ನಿಯಮ ತೋರಿಸಿ ಸುಮ್ಮನಾದೆ.

ಸೂಡಾನಿನ ಸ್ವಯಂಸೇವಕರ ಕುರಿತು ಓದುವಾಗ ಆ ಹೆಂಗಸು ನೆನಪಾಗುತ್ತಾಳೆ. ಅವರಿಗೆ ದೊಡ್ಡ ದಾನಿಗಳು ಕೇಳಿದ್ದೂ ಅದೇ ಪ್ರಶ್ನೆ: ನೋಂದಣಿ ಎಲ್ಲಿ, ಪರಿಶೋಧಿತ ಲೆಕ್ಕ ಎಲ್ಲಿ, ಸಹಿಮಾಡುವ ಅಧಿಕಾರಿ ಯಾರು? 2016ರ ಮೇ ತಿಂಗಳಲ್ಲಿ ಇಸ್ತಾಂಬುಲ್‌ನಲ್ಲಿ ಸೇರಿದ ವಿಶ್ವ ಮಾನವೀಯ ಶೃಂಗಸಭೆಯಲ್ಲಿ ದಾನಿ ರಾಷ್ಟ್ರಗಳೂ ದೊಡ್ಡ ಸಂಸ್ಥೆಗಳೂ ಒಂದು ಒಪ್ಪಂದಕ್ಕೆ ಬಂದವು. 2020ರೊಳಗೆ ಪರಿಹಾರದ ಹಣದಲ್ಲಿ ಕಾಲುಭಾಗವನ್ನು ಆದಷ್ಟು ನೇರವಾಗಿ ಸ್ಥಳೀಯರಿಗೇ ತಲುಪಿಸುವುದು ಎಂದು. ಗಡುವು ದಾಟಿ ವರ್ಷಗಳಾದರೂ ನೇರವಾಗಿ ತಲುಪುವ ಪಾಲು ಒಂದಂಕಿಯ ಶೇಕಡಾವಾರನ್ನು ದಾಟಲಿಲ್ಲ. ಸೂಡಾನಿನ ಸ್ಥಿತಿ ಇನ್ನೂ ವಿಪರೀತ. ಅಲ್ಲಿ ವಿದೇಶಿ ಸಂಸ್ಥೆಗಳು ಯುದ್ಧದ ಮೊದಲ ವಾರಗಳಲ್ಲೇ ಖಾರ್ಟೂಮ್ ಬಿಟ್ಟು ಪೋರ್ಟ್ ಸೂಡಾನಿಗೂ ನೆರೆ ದೇಶಗಳಿಗೂ ಹೋದವು. ಕೆಲಸ ಮಾಡುವವರು ಒಳಗೆ, ಹಣವಿರುವವರು ಹೊರಗೆ. ಮಧ್ಯದ ಸೇತುವೆ ಕಟ್ಟಲು ತಿಂಗಳುಗಳೇ ಹಿಡಿದವು. ಕಟ್ಟಿದ ಸೇತುವೆಯೂ ಭದ್ರವಾಗಿರಲಿಲ್ಲ. 2025ರ ಜನವರಿಯಲ್ಲಿ ಅಮೆರಿಕದ ಹೊಸ ಸರ್ಕಾರ ವಿದೇಶಿ ನೆರವನ್ನು ತಡೆಹಿಡಿದಾಗ, ಅದರ ಹಣ ಸುತ್ತುದಾರಿಯಲ್ಲಿ ಬರುತ್ತಿದ್ದ ನೂರಾರು ಅಡುಗೆಮನೆಗಳು ಮುಚ್ಚಿದವು. ವಾಷಿಂಗ್‌ಟನ್‌ನಲ್ಲಿ ಬಿದ್ದ ಒಂದು ಸಹಿಗೆ ಖಾರ್ಟೂಮ್‌ನ ಒಲೆ ಆರಿತು.

ಇದರ ಎದುರು ವಾದವಿಲ್ಲವೆಂದಲ್ಲ. ಅದನ್ನು ಹಗುರವಾಗಿ ತಳ್ಳಿಹಾಕುವವರನ್ನು ನಾನು ನಂಬುವುದಿಲ್ಲ. ಬಡಾವಣೆಯ ಗುಂಪಿನೊಳಗೆ ಬಂದೂಕುದಾರರ ಸಂಬಂಧಿಕರು ಸೇರಿಕೊಳ್ಳಬಹುದು. ಹತ್ತು ಹಂಡೆ ನಡೆಸುವವರ ಕೈಗೆ ಒಮ್ಮೆಲೆ ಕೋಟಿ ಕೊಟ್ಟರೆ ಗುಂಪು ಒಡೆಯುತ್ತದೆ. ಒಂದು ಬಡಾವಣೆಗೆ ಸಿಕ್ಕದ್ದು ಪಕ್ಕದ ಬಡಾವಣೆಗೆ ಸಿಗದೆ ಹೋಗಬಹುದು. ಸ್ತ್ರೀಶಕ್ತಿ ಸಂಘಗಳಿಗೂ ಗ್ರಾಮ ಸಮಿತಿಗಳಿಗೂ ಅನುದಾನ ಕೊಟ್ಟು ನೋಡಿದ ಅನುಭವದಿಂದ ಹೇಳುತ್ತೇನೆ, ಸಣ್ಣ ಗುಂಪಿನ ಪ್ರಾಮಾಣಿಕತೆ ಸಣ್ಣ ಮೊತ್ತದಲ್ಲಿ ಭದ್ರವಾಗಿರುತ್ತದೆ. ಆದ್ದರಿಂದ ಸಣ್ಣ ಮೊತ್ತಗಳನ್ನು ಪದೇ ಪದೇ, ಬೇಗ ಬೇಗ ಕೊಡುವುದು ದಾರಿ. ಹದಿನೈದು ದಿನಕ್ಕೊಮ್ಮೆ ಕೊಟ್ಟು, ಹಿಂದಿನದರ ಚಿತ್ರ, ಚೀಟಿ ನೋಡಿ ಮುಂದಿನದನ್ನು ಬಿಡುಗಡೆ ಮಾಡುವುದು. ಸೂಡಾನಿನ ಕೊಠಡಿಗಳು ತಾವೇ ರೂಪಿಸಿಕೊಂಡ ವ್ಯವಸ್ಥೆ ಹೆಚ್ಚುಕಡಿಮೆ ಇಂಥದ್ದೇ. ದೊಡ್ಡ ಸಂಸ್ಥೆಗಳ ಒಂದೊಂದು ಲಾರಿ ಗೋದಾಮಿನಿಂದ ಹೊರಟು ಚೆಕ್‌ಪೋಸ್ಟ್‌ಗಳಲ್ಲಿ ತೆರಿಗೆ ತೆತ್ತು, ದಾರಿಯಲ್ಲಿ ಸುಟ್ಟುಹೋಗುವುದನ್ನೂ ನಷ್ಟದ ಬಾಬ್ತಿನಲ್ಲಿ ಬರೆದುಕೊಂಡರೆ, ಬಡಾವಣೆಯ ಹಂಡೆಯಲ್ಲಿ ಸೋರಿಹೋಗುವುದು ಅಷ್ಟೇನೂ ದೊಡ್ಡದಾಗಿ ಕಾಣಲಾರದು.

ಈ ಕೆಲಸಕ್ಕೆ ತೆತ್ತ ಬೆಲೆ ಬೇರೆಯೇ ಇದೆ. ಎರಡು ಪಕ್ಷದವರೂ ಸ್ವಯಂಸೇವಕರನ್ನು ಎದುರಾಳಿಯ ಗೂಢಚಾರರೆಂದು ಹಿಡಿದರು, ಹೊಡೆದರು, ಕೊಂದರು. ಸೇನೆ ಒಂದು ಬಡಾವಣೆಯನ್ನು ಮರಳಿ ವಶಪಡಿಸಿಕೊಂಡರೆ, ಆರ್‌ಎಸ್‌ಎಫ್ ಕಾಲದಲ್ಲಿ ಅಲ್ಲಿ ಗಂಜಿ ಹಾಕಿದವನೇ ಅಪರಾಧಿ. 2025ರ ಏಪ್ರಿಲ್‌ನಲ್ಲಿ ಆರ್‌ಎಸ್‌ಎಫ್ ಝಮ್‌ಝಮ್ ಶಿಬಿರಕ್ಕೆ ನುಗ್ಗಿದಾಗ ಅಲ್ಲಿ ಉಳಿದಿದ್ದ ಕೊನೆಯ ಚಿಕಿತ್ಸಾಲಯಗಳಲ್ಲೊಂದರ ವೈದ್ಯರು, ಸಿಬ್ಬಂದಿ ಕೊಲೆಯಾದರು. ಪ್ರಪಂಚದಾದ್ಯಂತ 2024ರಲ್ಲಿ 380ಕ್ಕೂ ಹೆಚ್ಚು ಪರಿಹಾರ ಕಾರ್ಯಕರ್ತರು ಕೊಲ್ಲಲ್ಪಟ್ಟರು. ಲೆಕ್ಕ ಇಡತೊಡಗಿದ ಮೇಲೆ ಅದು ಅತಿ ದೊಡ್ಡ ಸಂಖ್ಯೆ. ಆ ವರ್ಷದ ಏಪ್ರಿಲ್ 1ರಂದು ಗಾಜಾದಲ್ಲಿ ವರ್ಲ್ಡ್ ಸೆಂಟ್ರಲ್ ಕಿಚನ್ ಸಂಸ್ಥೆಯ ಏಳು ಮಂದಿ ಸತ್ತಾಗ ಜಗತ್ತು ಬೆಚ್ಚಿತು. ಆದರೆ ಸತ್ತವರಲ್ಲಿ ಬಹುಪಾಲು ಆಯಾ ದೇಶದವರೇ ಎಂಬುದು ಶೀರ್ಷಿಕೆಗಳಲ್ಲಿ ಕಾಣುವುದಿಲ್ಲ. ಸಂಸ್ಥೆಯ ಸಂಬಳಪಟ್ಟಿಯಲ್ಲಿಲ್ಲದ ಬಡಾವಣೆಯ ಹುಡುಗನ ಹೆಸರು ಎಷ್ಟೋ ವೇಳೆ ಆ ಲೆಕ್ಕಕ್ಕೂ ಸೇರುವುದಿಲ್ಲ.

2025ರಲ್ಲಿ ಈ ಸ್ವಯಂಸೇವಕರಿಗೆ ನಾರ್ವೆಯ ರಾಫ್ಟೊ ಪ್ರಶಸ್ತಿಯೂ ಸ್ವೀಡನ್ನಿನ ರೈಟ್ ಲೈವ್ಲಿಹುಡ್ ಪ್ರಶಸ್ತಿಯೂ ಬಂದವು. ಒಳ್ಳೆಯದೇ. ಆದರೆ 1917ರಲ್ಲಿ ಬಳ್ಳಾರಿಗೆ ಬಂದ ಮೂವರು ಸ್ವಿಸ್ ಪ್ರತಿನಿಧಿಗಳಿಗಿದ್ದ ರಕ್ಷಣೆ ಇವರಿಗಿಲ್ಲ. ಜಿನೀವಾ ಒಪ್ಪಂದಗಳ ಸಾಮಾನ್ಯ 3ನೇ ವಿಧಿ ಅಂತರ್ಯುದ್ಧದಲ್ಲೂ ನಿಷ್ಪಕ್ಷಪಾತ ಮಾನವೀಯ ಸಂಸ್ಥೆ ತನ್ನ ಸೇವೆಯನ್ನು ಮುಂದಿಡಬಹುದೆನ್ನುತ್ತದೆ, ರೆಡ್‌ಕ್ರಾಸ್ ಸಮಿತಿಯನ್ನು ಉದಾಹರಣೆಯಾಗಿ ಹೆಸರಿಸುತ್ತದೆ. ಲಾಂಛನವಿಲ್ಲದ, ಕಚೇರಿಯಿಲ್ಲದ ನೆರೆಹೊರೆಯವರನ್ನು ಅಲ್ಲಿ ಹೆಸರಿಸಿಲ್ಲ. ವಿಚಿತ್ರವೆಂದರೆ ರೆಡ್‌ಕ್ರಾಸ್ ಹುಟ್ಟಿದ್ದೇ ಇಂಥವರಿಂದ. 1859ರ ಸೊಲ್ಫೆರಿನೊ ಕದನದ ನಂತರ ಎರಡೂ ಕಡೆಯ ಗಾಯಾಳುಗಳ ಆರೈಕೆಗೆ ನಿಂತ ಕಾಸ್ಟಿಲ್ಯೋನೆ ಪಟ್ಟಣದ ಹೆಂಗಸರನ್ನು ಕಂಡು ಹೆನ್ರಿ ಡುನಾಂಟ್ ಆ ಸಂಸ್ಥೆಯ ಕನಸು ಕಂಡದ್ದು.

ಭಾರತ 1949ರ ಒಪ್ಪಂದಗಳಿಗೆ ಬದ್ಧವಾಗಿ 1960ರಲ್ಲಿ ತನ್ನದೇ ಕಾಯಿದೆ ಮಾಡಿಕೊಂಡಿತು. 1977ರ ಪೂರಕ ಒಡಂಬಡಿಕೆಗಳಿಗೆ ಸೇರಲಿಲ್ಲ. ಅಂತರ್ಯುದ್ಧದಲ್ಲಿ ಸ್ಥಳೀಯ ಪರಿಹಾರ ಸಂಘಗಳ ಪಾತ್ರವನ್ನು ಕುರಿತ ವಿಧಿ ಇರುವುದು ಅವುಗಳಲ್ಲಿಯೇ. ಸಾರ್ವಭೌಮತ್ವದ ಬಗ್ಗೆ ದೆಹಲಿಯ ಎಚ್ಚರಿಕೆ ನನಗೆ ಅರ್ಥವಾಗುತ್ತದೆ. ಆದರೆ ಸೂಡಾನಿನ ವಿಷಯದಲ್ಲಿ ಮಾತನಾಡಲು ಆ ಸಹಿ ಬೇಕಾಗಿಲ್ಲ. 2003ರಲ್ಲೇ ನಮ್ಮ ಒಎನ್‌ಜಿಸಿ ವಿದೇಶ್ ಅಲ್ಲಿನ ತೈಲಕ್ಷೇತ್ರದಲ್ಲಿ ಕಾಲುಭಾಗದ ಪಾಲು ಕೊಂಡಿತ್ತು. ಆ ಯುದ್ಧಕ್ಕೆ ಹಣ ಒದಗಿಸುವ ಚಿನ್ನ ಕೊಲ್ಲಿಯ ಮಾರುಕಟ್ಟೆಗಳ ಮೂಲಕ ಹರಿಯುತ್ತದೆ. ಆ ಮಾರುಕಟ್ಟೆಗಳಿಗೆ ನಾವು ದೊಡ್ಡ ಗಿರಾಕಿಗಳು. ನೆಲದಡಿಯ ಅದಿರಿನ ಹಣ ಎಂಥ ಬಲ ಕೊಡುತ್ತದೆಂದು ಬಳ್ಳಾರಿಯವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ನಮ್ಮವರನ್ನು ಕರೆತರಲು ಎರಡು ಪಕ್ಷದವರೊಡನೆಯೂ ಮಾತನಾಡಿ ದಾರಿ ಬಿಡಿಸಿಕೊಂಡ ದೇಶ, ಅದೇ ದಾರಿಯಲ್ಲಿ ಜೋಳದ ಲಾರಿಗಳನ್ನು ಬಿಡಿರೆಂದು ಕೇಳಬಹುದಿತ್ತು. ಗಂಜಿ ಹಾಕುವವನನ್ನು ಹಿಡಿಯಬೇಡಿರೆಂದೂ ಕೇಳಬಹುದಿತ್ತು.

2025ರ ಅಕ್ಟೋಬರ್ 26ರಂದು, 500ಕ್ಕೂ ಹೆಚ್ಚು ದಿನಗಳ ಮುತ್ತಿಗೆಯ ನಂತರ, ಎಲ್ ಫಾಶರ್ ಆರ್‌ಎಸ್‌ಎಫ್ ವಶವಾಯಿತು. ಅಲ್ಲಿ ನಡೆದ ಹತ್ಯಾಕಾಂಡದ ರಕ್ತದ ಕಲೆಗಳನ್ನು ಉಪಗ್ರಹಚಿತ್ರಗಳಲ್ಲಿ ತಜ್ಞರು ಗುರುತಿಸಿದರು. ಆಸ್ಪತ್ರೆಯೊಂದರಲ್ಲೇ 460 ಮಂದಿಯ ಕೊಲೆಯಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ತನಗೆ ಬಂದ ವರದಿಗಳನ್ನು ಉಲ್ಲೇಖಿಸಿ ತಿಳಿಸಿತು. ಬದುಕುಳಿದವರು ಪಶ್ಚಿಮಕ್ಕೆ, ಸುಮಾರು 60 ಕಿಲೋಮೀಟರ್ ದೂರದ ತವಿಲಾ ಎಂಬ ಪಟ್ಟಣದ ಕಡೆಗೆ ನಡೆದರು. ಆ ಪಟ್ಟಣ ಅದಕ್ಕೆ ಮೊದಲೇ ಝಮ್‌ಝಮ್‌ನಿಂದ ಬಂದ ಲಕ್ಷಾಂತರ ಜನರಿಂದ ತುಂಬಿತ್ತು. ದಾರಿಯಲ್ಲಿ ಸತ್ತವರು ಎಷ್ಟೋ. ತಲುಪಿದವರಿಗೆ ಅಲ್ಲಿ ಹುಲ್ಲು, ಕಡ್ಡಿ, ಹರಿದ ಪ್ಲಾಸ್ಟಿಕ್ ಹಾಳೆಗಳ ಆಸರೆ. ಅವುಗಳ ನಡುವೆ ಹಂಡೆಗಳೂ ಇದ್ದವು. ಬಡಿಸುತ್ತಿದ್ದವರಲ್ಲಿ ಹಲವರು ತಾವೂ ಮನೆಮಠ ಕಳೆದುಕೊಂಡು ಬಂದವರು. ಹಂಡೆಯಲ್ಲಿದ್ದುದು ಜೋಳ.